ಝ್ಯಾಕ್ಸ್ ಅನ್ನೋ ಪದ ಸ್ಕ್ರಾಬಲ್‌ನಲ್ಲಿ ನಡೆಯುತ್ತಾ? ಇದು ಎಲ್ಲಿಯ ಪದ?

ವಿದ್ಯಾನಗರ ಟೀಚರ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಭಾನುವಾರ ನಮ್ಮ ಮನೆಯಲ್ಲಿ ಒಂದೇ ಒಂದು ಪದಕ್ಕೆ ದೊಡ್ಡ ಮಾತಾಯಿತು. ಮೂರೇ ಅಕ್ಷರ. ಝಡ್, ಎ, ಎಕ್ಸ್. ಝ್ಯಾಕ್ಸ್. ಸರಿಯಾಗಿ ಗೊತ್ತಿರುವವರು ದಯವಿಟ್ಟು ಹೇಳಿ, ಯಾಕೆಂದರೆ ನಾನು ಒಬ್ಬ ಹುಡುಗನಿಗೆ ಉತ್ತರ ಕೊಡಬೇಕಾಗಿದೆ.

ತಂಗಿಯ ಮಗ ರಜೆಗೆ ಬಂದಿದ್ದಾನೆ. ಎಂಟನೇ ಕ್ಲಾಸು ಮುಗಿಸಿದ್ದಾನೆ. ನಮ್ಮೂರ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ, ಹನ್ನೊಂದು ಗಂಟೆಯ ಮೇಲೆ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಅದಕ್ಕೇ ಊಟ ಮುಗಿಸಿ ಪಡಸಾಲೆಯಲ್ಲಿ ಚಾಪೆ ಹಾಸಿ ದಿನಾ ಸ್ಕ್ರಾಬಲ್ (ಇಂಗ್ಲಿಷ್ ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮೇಲೆ ಜೋಡಿಸಿ ಪದ ಕಟ್ಟುವ ಆಟ) ಆಡುತ್ತೇವೆ, ನಾನು, ಅವನು, ನಮ್ಮ ಯಜಮಾನರು, ಮೇಲಿನ ಮನೆಯ ಹುಡುಗಿ. ನಾನು ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು. ಹಾಗಾಗಿ ಪದ ಸರಿಯೋ ತಪ್ಪೋ ಅನ್ನುವ ಪ್ರಶ್ನೆ ಬಂದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ.

ಬೋರ್ಡಿನ ಮೇಲೆ ಒಂದು ಎ ಬಿಡಿಯಾಗಿ ಕೂತಿತ್ತು. ಅದರ ಆ ಕಡೆ ಝಡ್, ಈ ಕಡೆ ಎಕ್ಸ್ ಇಟ್ಟ. ಎಕ್ಸ್ ಹೋಗಿ ಡಬಲ್ ವರ್ಡ್ ಮನೆಯ ಮೇಲೆ ಕೂತಿತು. ಹತ್ತು, ಒಂದು, ಎಂಟು, ಒಟ್ಟು 19, ಅದರ ಎರಡರಷ್ಟು 38. ಅವನೇ ಬಾಯಲ್ಲಿ ಲೆಕ್ಕ ಹೇಳಿದ. 'ದೊಡ್ಡಮ್ಮ, ಅದು ಛಾವಣಿ ಕೆಲಸದವರು ಇಟ್ಟುಕೊಳ್ಳೋ ಆಯುಧ' ಅಂದ. ನಾನು ಅಂಥ ಪದವೇ ಇಲ್ಲ ಅಂದುಬಿಟ್ಟೆ. ಅವನು ಬಿಡಲಿಲ್ಲ. ಯಜಮಾನರು ಎದ್ದು ಹೋಗಿ ಮನೆಯಲ್ಲಿದ್ದ ಎರಡು ಡಿಕ್ಷನರಿ ತಂದರು, ಎರಡೂ ಶಾಲೆಯ ಮಕ್ಕಳಿಗಾಗಿ ಇರುವಂಥವು. ಝ್ಯಾಪ್ ಇದೆ, ಅದಾದ ಮೇಲೆ ನೇರವಾಗಿ ಝೀಲ್. ನಡುವೆ ಏನೂ ಇಲ್ಲ. ಅಲ್ಲಿಗೆ ತೀರ್ಮಾನ ಆಯಿತು. ಅವನು ಮಾತಾಡದೆ ಬಿಲ್ಲೆ ವಾಪಸ್ ತಗೊಂಡ. ಆ ಝಡ್ ಆಟ ಮುಗಿಯುವ ತನಕ ಅವನ ಕೈಯಲ್ಲೇ ಉಳಿಯಿತು, ಕೈಯಲ್ಲಿ ಉಳಿದ ಲೆಕ್ಕಕ್ಕೆ ಇನ್ನೂ ಹತ್ತು ಹೋಯಿತು. ನನಗೂ ಅವನಿಗೂ ಕೊನೆಯಲ್ಲಿ ಇದ್ದ ಅಂತರ 11 ಪಾಯಿಂಟು.

ಸಂಜೆ ಮಂಡಕ್ಕಿ ಮಿರ್ಚಿ ತಂದರೂ ಮುಟ್ಟಲಿಲ್ಲ. ರಾತ್ರಿ ಅವನ ಬ್ಯಾಗು ಸರಿ ಮಾಡುವಾಗ ಒಂದು ನೋಟ್‌ಬುಕ್ ಸಿಕ್ಕಿತು. ಮೂರು ಅಕ್ಷರದ ಪದಗಳನ್ನೆಲ್ಲ ಸಾಲಾಗಿ ಬರೆದುಕೊಂಡಿದ್ದಾನೆ, ಒಂದೊಂದರ ಮುಂದೆ ಕನ್ನಡದಲ್ಲಿ ಅರ್ಥ. ಝ್ಯಾಕ್ಸ್ ಮುಂದೆ 'ಸ್ಲೇಟು ಕತ್ತರಿಸುವ ಕೊಡಲಿ' ಅಂತ ಇದೆ. ಅದನ್ನು ನೋಡಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಈಗ ಹೇಳಿ. ಈ ಪದ ಆಟದಲ್ಲಿ ನಡೆಯುತ್ತಾ? ಹಾಗಿದ್ದರೆ ಇಷ್ಟು ವರ್ಷ ಪಾಠ ಮಾಡಿದ ನನಗೆ ಒಮ್ಮೆಯೂ ಯಾಕೆ ಎದುರಾಗಲಿಲ್ಲ? ಇದು ಜರ್ಮನ್ ಕಡೆಯ ಪದ ಅಂತ ಮೇಲಿನ ಮನೆಯ ಹುಡುಗಿ ಹೇಳುತ್ತಾಳೆ. ನಿಜವೇ? ಸುಮ್ನೆ 'ಸಾರಿ ಕಣೋ' ಅಂದು ಮುಗಿಸುವುದು ಬೇಡ. ಪೂರ್ತಿ ತಿಳಿದುಕೊಂಡು ಅವನ ಹತ್ತಿರ ಕೂತು ಮಾತಾಡಬೇಕು.

ಏಳು ಬಿಲ್ಲೆ (ದಾವಣಗೆರೆ)

ಟೀಚರ್, ಹುಡುಗ ಹೇಳಿದ್ದೇ ಸರಿ. ಝ್ಯಾಕ್ಸ್ ನಡೆಯುತ್ತದೆ. ಆಟದಲ್ಲಿ ನಡೆಯುವ ಪದಗಳಿಗೆ ಎರಡು ಪಟ್ಟಿ ಇವೆ, ಅಮೆರಿಕದವರದ್ದು ಒಂದು, ಕಾಲಿನ್ಸ್ ಅನ್ನುವುದು ಇನ್ನೊಂದು. ಎರಡರಲ್ಲೂ ಇದೆ. ಬಹುವಚನ ಝ್ಯಾಕ್ಸಸ್ ಕೂಡ ನಡೆಯುತ್ತದೆ. ಆದರೆ ಅದಕ್ಕೆ ಇ, ಡಿ ಹಚ್ಚಿ ಕ್ರಿಯಾಪದ ಮಾಡಿದರೆ ನಡೆಯುವುದಿಲ್ಲ, ಅದು ಬರೀ ಒಂದು ವಸ್ತುವಿನ ಹೆಸರು.

ಅದೇ ಆಯುಧಕ್ಕೆ ಇನ್ನೂ ಎರಡು ಕಾಗುಣಿತ ಇದೆ. ಸ್ಯಾಕ್ಸ್, ಅಂದರೆ ಎಸ್ ಹಾಕಿ ಬರೆಯುವುದು, ಅದು ಎರಡೂ ಕಡೆ ನಡೆಯುತ್ತದೆ. ಸ್ಯಾಕ್ಸೊಫೋನಿನ ಮೊಟಕು ಹೆಸರೂ ಅದೇ ಅಕ್ಷರ ಆದ್ದರಿಂದ ಅದಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ. ಇನ್ನೊಂದು ಝೆಕ್ಸ್, ನಡುವೆ ಇ. ಅದು ಕಾಲಿನ್ಸ್‌ನಲ್ಲಿ ಮಾತ್ರ. ಅಮೆರಿಕದ ಪಟ್ಟಿ ಹಿಡಿದು ಆಡುವವರ ಎದುರು ಝೆಕ್ಸ್ ಇಟ್ಟರೆ ಬಿಲ್ಲೆ ವಾಪಸ್ ತೆಗೆಯಬೇಕಾಗುತ್ತದೆ. ಒಂದೇ ಪದ ಒಂದು ಮನೆಯಲ್ಲಿ ಸರಿ, ಪಕ್ಕದ ಮನೆಯಲ್ಲಿ ತಪ್ಪು. ಆಟದಲ್ಲಿ 'ಸರಿಯಾದ ಪದ' ಅಂದರೆ ಆಡುವವರು ಮೊದಲೇ ಒಪ್ಪಿಕೊಂಡ ಪಟ್ಟಿಯಲ್ಲಿ ಇರುವ ಪದ, ಅಷ್ಟೇ. ಆಟದ ನಿಯಮದಲ್ಲೇ ಇದೆ, ಶುರು ಮಾಡುವ ಮುಂಚೆ ಯಾವ ಡಿಕ್ಷನರಿ ಅಂತ ಎಲ್ಲರೂ ಒಪ್ಪಿಕೊಳ್ಳಬೇಕು. ನಿಮ್ಮ ಮನೆಯಲ್ಲಿ ಆ ಒಪ್ಪಂದ ಆಗಿರಲಿಲ್ಲ, ತಪ್ಪಿದ್ದು ಅಲ್ಲಿ. ಅಮೆರಿಕ, ಕೆನಡಾ ಬಿಟ್ಟು ಬೇರೆ ಕಡೆ ಇಂಗ್ಲಿಷ್ ಟೂರ್ನಿಗಳಲ್ಲಿ ಹೆಚ್ಚಾಗಿ ಕಾಲಿನ್ಸ್ ಪಟ್ಟಿಯೇ, ನಮ್ಮ ದೇಶದಲ್ಲೂ ಅದೇ. ನೀವೂ ಅದನ್ನೇ ಇಟ್ಟುಕೊಳ್ಳಿ.

ಶಾಲೆಯ ಡಿಕ್ಷನರಿಯಲ್ಲಿ ಇಲ್ಲ ಅಂದಮಾತ್ರಕ್ಕೆ ಪದ ಇಲ್ಲ ಅಂತ ಆಗುವುದಿಲ್ಲ. 2019ರ ಕಾಲಿನ್ಸ್ ಪಟ್ಟಿಯಲ್ಲಿ 2,79,496 ಪದಗಳಿದ್ದವು. ಯಾವ ಶಾಲೆಯ ಡಿಕ್ಷನರಿ ಅಷ್ಟನ್ನು ಹೊರುತ್ತದೆ? ನಿಮಗೆ ಎದುರಾಗಲಿಲ್ಲ ಅನ್ನುವುದಕ್ಕೂ ಅದೇ ಉತ್ತರ, ಪಠ್ಯಪುಸ್ತಕದ ಕಡೆ ಇದು ತಲೆಯನ್ನೇ ಹಾಕುವುದಿಲ್ಲ.

ಹುಡುಗನ ನೋಟ್‌ಬುಕ್ ಬಗ್ಗೆ ಓದಿ ಖುಷಿ ಆಯಿತು. ಈ ಆಟ ಕಟ್ಟಿದ ಆಲ್ಫ್ರೆಡ್ ಬಟ್ಸ್ ಕೂಡ ಹಾಗೇ ಕೂತು ಬರೆದವರು. ಅಮೆರಿಕದ ಆರ್ಕಿಟೆಕ್ಟು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಹೋಯಿತು. ಪತ್ರಿಕೆಯ ಮುಖಪುಟ ಮುಂದೆ ಇಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸಿ, ಆ ಲೆಕ್ಕದ ಮೇಲೆ ಬಿಲ್ಲೆಗಳನ್ನು ಹಂಚಿದರು. ಅದಕ್ಕೇ ನೂರು ಬಿಲ್ಲೆಯಲ್ಲಿ ಝಡ್ ಒಂದೇ, ಎಕ್ಸ್ ಒಂದೇ. ಆ ಎರಡೂ ಒಂದೇ ಕೈಗೆ ಬಂದು, ಬೋರ್ಡಿನಲ್ಲಿ ಒಂದು ಎ ಖಾಲಿ ಸಿಕ್ಕಿ, ಆ ಪದವೂ ತಲೆಯಲ್ಲಿ ಇರಬೇಕು ಅಂದರೆ... ನಾನು ಇಷ್ಟು ವರ್ಷ ಆಡಿ ಎರಡೇ ಸಲ ಝ್ಯಾಕ್ಸ್ ಇಟ್ಟಿದ್ದೇನೆ.

ಒಂದು ಕಿವಿಮಾತು ಅವನಿಗೆ. ಝಡ್, ಎ ಎರಡೇ ಅಕ್ಷರ ಇಟ್ಟರೂ ಈಗ ನಡೆಯುತ್ತದೆ, ಪಿಜ್ಜಾಕ್ಕೆ ಅಮೆರಿಕದ ಹುಡುಗರು ಹೇಳುವ ಮೊಟಕು ಹೆಸರು. ಯಾರಾದರೂ ಅದನ್ನು ಇಟ್ಟರೆ ಅದರ ಬಾಲಕ್ಕೆ ಎಕ್ಸ್ ಸಿಕ್ಕಿಸಬಹುದು.

ಪದದ ಬೇರು (ಚಿತ್ರದುರ್ಗ)

ಮೇಲಿನ ಮನೆಯ ಹುಡುಗಿ ಹೇಳಿದ್ದು ಅರ್ಧ ಸರಿ. ಜರ್ಮನ್ ಪದ ಅಲ್ಲ, ಜರ್ಮನಿಕ್ ಪದ. ಜರ್ಮನ್, ಇಂಗ್ಲಿಷ್, ಡಚ್, ಸ್ವೀಡಿಶ್ ಎಲ್ಲ ಒಂದೇ ತಾಯಿಯ ಮಕ್ಕಳು, ಕನ್ನಡ, ತಮಿಳು, ತುಳು ಇದ್ದ ಹಾಗೆ. ತಮಿಳಿನಲ್ಲೂ ಕನ್ನಡದಲ್ಲೂ 'ಕಲ್' ಇದ್ದರೆ ಕನ್ನಡದವರು ತಮಿಳಿನಿಂದ ತಂದರು ಅನ್ನುತ್ತೇವಾ? ಇಬ್ಬರಿಗೂ ಅಜ್ಜಿಯ ಮನೆಯಿಂದ ಬಂದದ್ದು. ಝ್ಯಾಕ್ಸ್ ಕೂಡ ಇಂಗ್ಲಿಷಿಗೆ ಹಾಗೆ ಬಂದ ಸ್ವಂತ ಆಸ್ತಿ.

ಹಳೆಯ ಇಂಗ್ಲಿಷಿನಲ್ಲಿ 'ಸೆಯಾಕ್ಸ್' ಅಂದರೆ ಚೂರಿ. ಒಂದೇ ಕಡೆ ಅಲಗು ಇರುವ ದಪ್ಪ ಚೂರಿ, ಸೊಂಟಕ್ಕೆ ಕಟ್ಟಿಕೊಳ್ಳುವುದು. ಮೂಲ ಜರ್ಮನಿಕ್‌ನಲ್ಲಿ ಅದು 'ಸಹ್ಸ' ಎಂಬಂತೆ ಇತ್ತು ಅಂತ ಭಾಷಾ ಶಾಸ್ತ್ರದವರು ಕಟ್ಟುತ್ತಾರೆ. ಅದರ ಹಿಂದಿನ ಬೇರು 'ಸೆಕ್', ಕತ್ತರಿಸು. ಲ್ಯಾಟಿನ್ನಿನಲ್ಲಿ ಅದೇ ಬೇರು 'ಸೆಕಾರೆ' ಆಗಿ ಉಳಿಯಿತು, ನಾವು ದಿನಾ ಹೇಳುವ ಸೆಕ್ಷನ್ ಅಲ್ಲಿಂದ ಬಂದದ್ದು. ಲ್ಯಾಟಿನ್ನಿನ ಕ ಇರುವ ಕಡೆ ಜರ್ಮನಿಕ್‌ನಲ್ಲಿ ಹ ಬರುತ್ತದೆ, ಅಲ್ಲಿ 'ಕೊರ್ನು' ಅಂದರೆ ಇಲ್ಲಿ ಹಾರ್ನ್. ಜರ್ಮನ್ ಭಾಷಾ ಪಂಡಿತ ಯಾಕೋಬ್ ಗ್ರಿಮ್ 1822ರಲ್ಲಿ ಈ ಲೆಕ್ಕವನ್ನು ಬಿಡಿಸಿಟ್ಟರು. ನಮಗೆ ಇದು ಹೊಸದೇನಲ್ಲ, ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಲ್ಲು ಹಲ್ಲಾಯಿತು. ಮನೆಮನೆಗೂ ಅದರದರ ಅಭ್ಯಾಸ.

ಆ ಚೂರಿಯಿಂದಲೇ ಒಂದು ಜನಾಂಗಕ್ಕೆ ಹೆಸರು ಬಂತು ಅಂತ ಹೆಚ್ಚಿನವರು ಒಪ್ಪುತ್ತಾರೆ. ಸ್ಯಾಕ್ಸನ್ನರು, ಅಂದರೆ ಸೆಯಾಕ್ಸ್ ಹಿಡಿದವರು. ಇಂಗ್ಲೆಂಡಿನ ಎಸೆಕ್ಸ್ ಅಂದರೆ ಪೂರ್ವದ ಸ್ಯಾಕ್ಸನ್ನರು, ಸಸೆಕ್ಸ್ ಅಂದರೆ ದಕ್ಷಿಣದವರು. ಎಸೆಕ್ಸಿನ ಲಾಂಛನದಲ್ಲಿ ಇವತ್ತಿಗೂ ಮೂರು ಸೆಯಾಕ್ಸ್ ಚಿತ್ರ ಇದೆ. ಜರ್ಮನಿಯ ಕಡೆ ಅದೇ ಪದ ಇನ್ನೊಂದು ವೇಷದಲ್ಲಿ ಅಡಿಗೆಮನೆ ಸೇರಿತು. ಚಾಕುವಿಗೆ ಅವರು 'ಮೆಸ್ಸರ್' ಅನ್ನುತ್ತಾರೆ. ಹಳೆಯ ರೂಪ 'ಮೆಝಿಸಹ್ಸ್', ಊಟದ ಚೂರಿ. ಸವೆದು ಸವೆದು ಸಹ್ಸ್ ಪೂರ್ತಿ ಮಾಯವಾಗಿ ಕೊನೆಗೆ ಒಂದು ಬಾಲ ಮಾತ್ರ ಉಳಿದಿದೆ.

ಟೀಚರ್, ಹುಡುಗನಿಗೆ ಇದನ್ನು ಖಂಡಿತ ತೋರಿಸಿ. 1857ರಲ್ಲಿ ಥೇಮ್ಸ್ ನದಿಯಲ್ಲಿ ಒಂದು ಸೆಯಾಕ್ಸ್ ಸಿಕ್ಕಿತು, ಸುಮಾರು ಸಾವಿರ ವರ್ಷ ಹಳೆಯದು, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಇದೆ. ಅದರ ಅಲಗಿನ ಉದ್ದಕ್ಕೂ ಲೋಹದ ತಂತಿ ಕೂರಿಸಿ ಆ ಕಾಲದ ರೂನ್ ಅಕ್ಷರಮಾಲೆ ಬರೆದಿದ್ದಾರೆ, 28 ಅಕ್ಷರ, ಪಕ್ಕದಲ್ಲಿ ಬೆಯಾಗ್ನೋಥ್ ಅಂತ ಒಂದು ಹೆಸರು. ಚೂರಿಯ ಮೇಲೆ ಅ ಆ ಇ ಈ ಬರೆದುಕೊಂಡ ಹಾಗೆ! ಅದರ ಚಿತ್ರ ನೋಡಿದಾಗಲೆಲ್ಲ ಅಕ್ಷರಕ್ಕೆ ಆ ಜನ ಎಷ್ಟು ಬೆಲೆ ಕೊಟ್ಟಿದ್ದರು ಅನಿಸುತ್ತದೆ ನನಗೆ.

ಇನ್ನು ಝಡ್ ಎಲ್ಲಿಂದ ಬಂತು. ಚೂರಿ ಅನ್ನುವ ಅರ್ಥ ಇಂಗ್ಲಿಷಿನಲ್ಲಿ ಸತ್ತುಹೋಯಿತು, ಆದರೆ ಛಾವಣಿಗೆ ಸ್ಲೇಟು ಕಲ್ಲು ಹೊದಿಸುವವರ ಬಾಯಲ್ಲಿ ಮಾತ್ರ ಸ್ಯಾಕ್ಸ್ ಉಳಿದುಕೊಂಡಿತು. ಇಂಗ್ಲೆಂಡಿನ ನೈಋತ್ಯ ಮೂಲೆಯ ಹಳ್ಳಿ ಮಾತಿನಲ್ಲಿ ಪದದ ಮೊದಲಿನ ಸ ಝ ಆಗುತ್ತದೆ, ಫ ವ ಆಗುತ್ತದೆ. ಗಂಡು ನರಿ ಫಾಕ್ಸ್, ಹೆಣ್ಣು ನರಿ ವಿಕ್ಸನ್, ಯಾಕೆ ಅಂತ ಎಂದಾದರೂ ಯೋಚಿಸಿದ್ದೀರಾ? ವಿಕ್ಸನ್ ಬಂದದ್ದು ಅಂಥದೇ ದಕ್ಷಿಣದ ಮಾತಿನಿಂದ. ಸ್ಯಾಕ್ಸ್ ಝ್ಯಾಕ್ಸ್ ಆಗಿರುವುದೂ ಅದೇ ಜಾಡು. ಆ ಸೀಮೆಯಲ್ಲೇ, ಕಾರ್ನ್‌ವಾಲಿನ ಡೆಲಬೋಲ್‌ನಲ್ಲಿ, ನೂರಾರು ವರ್ಷದಿಂದ ಸ್ಲೇಟು ತೆಗೆಯುವ ದೊಡ್ಡ ಗಣಿ ಇದೆ.

ಎಕ್ಸ್ ಬಗ್ಗೆಯೂ ಒಂದು ಮಾತು, ಇದು ಆಟಕ್ಕೂ ಉಪಯೋಗ. ಇಂಗ್ಲಿಷಿನ ಚಿಕ್ಕ ಚಿಕ್ಕ ಎಕ್ಸ್ ಪದ ತುಂಬಾ ಜರ್ಮನಿಕ್. ಫಾಕ್ಸ್, ಆಕ್ಸ್, ಸಿಕ್ಸ್, ವ್ಯಾಕ್ಸ್. ಜರ್ಮನ್ನರು ಇದೇ ಪದಗಳನ್ನು ಸಿ, ಎಚ್, ಎಸ್ ಹಾಕಿ ಬರೆದು ಕ್ಸ್ ಅಂತಲೇ ಓದುತ್ತಾರೆ. ಆರಕ್ಕೆ ಅವರು ಹೇಳುವುದು 'ಝೆಕ್ಸ್'. ಹಾಂ, ಆಟದ ಝೆಕ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ, ಕಿವಿಗೆ ಮಾತ್ರ ಒಂದೇ. ಆಕ್ಸ್ ಅನ್ನುವ ಎತ್ತಿಗೆ ಸಂಸ್ಕೃತದಲ್ಲಿ ಉಕ್ಷನ್ ಅನ್ನುವ ಅಣ್ಣ ಇದ್ದಾನೆ. ಗಾಡಿಯ ಆಕ್ಸಲ್ಲಿಗೆ ಅಕ್ಷ. ಆ ಅಕ್ಷವೇ ನಮ್ಮ ಬಾಯಲ್ಲಿ ಅಚ್ಚು ಆಯಿತು, ಎತ್ತಿನ ಗಾಡಿಯ ಅಚ್ಚು ಮುರಿಯಿತು ಅನ್ನುತ್ತೇವಲ್ಲ, ಅದು.

ಮಿಲ್ ಗಂಟೆ (ದಾವಣಗೆರೆ)

ಎಲ್ಲ ಸರಿ, ಆದರೆ ನನಗೆ ಟೀಚರ್ ಪರವಾಗಿ ಒಂದು ಮಾತು ಹೇಳಬೇಕು. ಇವತ್ತು ಇಂಗ್ಲಿಷ್ ಮಾತಾಡುವ ಸಾವಿರ ಜನರನ್ನು ನಿಲ್ಲಿಸಿ ಕೇಳಿ, ಝ್ಯಾಕ್ಸ್ ಅಂದರೆ ಏನು ಅಂತ. ಒಬ್ಬರೂ ಹೇಳಲಿಕ್ಕಿಲ್ಲ. ಯಾರ ಬಾಯಲ್ಲೂ ಇಲ್ಲದ ಪದ ಪಟ್ಟಿಯಲ್ಲಿ ಇದೆ ಅಂದಮಾತ್ರಕ್ಕೆ ಒಪ್ಪಬೇಕಾ? ಹೀಗೆ ಆದರೆ ಇದು ಭಾಷೆಯ ಆಟವಾಗಿ ಉಳಿಯುವುದಿಲ್ಲ, ಬಾಯಿಪಾಠದ ಆಟ ಆಗುತ್ತದೆ. ನೈಜೆಲ್ ರಿಚರ್ಡ್ಸ್ ಅಂತ ನ್ಯೂಜಿಲೆಂಡಿನ ಆಟಗಾರ, 2015ರಲ್ಲಿ ಫ್ರೆಂಚ್ ಸ್ಕ್ರಾಬಲ್ ಚಾಂಪಿಯನ್ ಆದರು. ಅವರಿಗೆ ಫ್ರೆಂಚ್ ಮಾತಾಡಲು ಬರುವುದಿಲ್ಲ. ಕೆಲವೇ ವಾರ ಕೂತು ಪಟ್ಟಿ ಪೂರ್ತಿ ನೆನಪಿಟ್ಟುಕೊಂಡು ಹೋಗಿ ಗೆದ್ದರು. 2024ರಲ್ಲಿ ಸ್ಪ್ಯಾನಿಷಿನಲ್ಲೂ ಹಾಗೇ ಮಾಡಿದರು. ಅವರ ನೆನಪಿನ ಶಕ್ತಿಗೆ ಕೈಮುಗಿಯುತ್ತೇನೆ. ಆದರೆ ಮನೆಯಲ್ಲಿ ಮಕ್ಕಳ ಜೊತೆ ಆಡುವಾಗ ನಮಗೆ ಬೇಕಾದ್ದು ಅದಲ್ಲ. ನನ್ನ ಮಗಳು ಫೋನಿನಲ್ಲಿ ಪಟ್ಟಿ ನೋಡಿ ಏನೇನೋ ಇಡುತ್ತಾಳೆ, ಅರ್ಥ ಕೇಳಿದರೆ 'ಗೊತ್ತಿಲ್ಲ ಅಪ್ಪ, ನಡೆಯುತ್ತೆ ಅಷ್ಟೇ' ಅನ್ನುತ್ತಾಳೆ. ಅದು ನನಗೆ ಸರಿ ಬರುವುದಿಲ್ಲ.

ನಮ್ಮ ಮನೆಯ ನಿಯಮ ಹೇಳುತ್ತೇನೆ. ಇಟ್ಟವರು ಅರ್ಥ ಹೇಳಬೇಕು, ಹೇಳದಿದ್ದರೆ ಪದ ವಾಪಸ್. ಟೂರ್ನಿಯಲ್ಲಿ ಹಾಗೆ ಕೇಳುವ ಹಾಗಿಲ್ಲ ಅಂತ ಗೊತ್ತು. ಮನೆಯಲ್ಲಿ ಕೇಳಬಹುದಲ್ವಾ?

ಏಳು ಬಿಲ್ಲೆ (ದಾವಣಗೆರೆ)

ಅಣ್ಣ, ನಿಮ್ಮ ನಿಯಮದ ಪ್ರಕಾರ ಕೂಡ ಆ ಹುಡುಗನ ಪದ ನಿಲ್ಲುತ್ತದೆ. ಅವನು ಅರ್ಥ ಹೇಳಿಯೇ ಇಟ್ಟಿದ್ದು.

ಕೋಟೆ ಬುಡದವನು (ಚಿತ್ರದುರ್ಗ)

ಯಾರ ಬಾಯಲ್ಲೂ ಇಲ್ಲದ ಪದ ಅಂದಿರಲ್ಲ, ಅದಕ್ಕೆ ಬರೆಯಬೇಕು ಅನಿಸಿತು. ನಮ್ಮದು ಕಲ್ಲು ಕೆಲಸದ ಮನೆತನ. ಅಪ್ಪ, ಅಜ್ಜ ಇಬ್ಬರೂ ಕಲ್ಲು ಒಡೆದು ಬದುಕಿದವರು. ನಾನು ಆ ಕೆಲಸಕ್ಕೆ ಹೋಗಲಿಲ್ಲ, ಆದರೆ ಅಪ್ಪನ ಚೀಲ ಇನ್ನೂ ಮನೆಯಲ್ಲಿದೆ. ಅದರಲ್ಲಿ ನಾಲ್ಕು ಚಾಣ ಇವೆ. ನಿಮ್ಮಲ್ಲಿ ಎಷ್ಟು ಜನಕ್ಕೆ ಚಾಣ ಅಂದರೆ ಗೊತ್ತು? ಕಲ್ಲು ಕೆತ್ತುವ ಉಳಿ. ಬಡಗಿ ಹಿಡಿಯುವ ಉಳಿಗೆ ಮರದ ಹಿಡಿ ಇರುತ್ತದೆ, ಚಾಣ ಪೂರ್ತಿ ಉಕ್ಕು. ದಿನಾ ಸುತ್ತಿಗೆ ಏಟು ತಿಂದು ಅದರ ತಲೆ ಅಣಬೆ ಹಾಗೆ ಹರಡಿಕೊಂಡಿರುತ್ತದೆ. ತುದಿ ಮೊಂಡಾದರೆ ಸಂಜೆ ಕುಲುಮೆಗೆ ಹಾಕಿ ಕಾಸಿ, ಬಡಿದು, ನೀರಿಗೆ ಅದ್ದಿ ಹದ ಮಾಡಬೇಕು. ಹದ ಜಾಸ್ತಿ ಆದರೆ ಮುರಿಯುತ್ತದೆ, ಕಡಿಮೆ ಆದರೆ ಬಾಗುತ್ತದೆ. ಅಪ್ಪ ನೀರಿನ ಚುಂಯ್ ಸದ್ದು ಕೇಳಿಯೇ ಹೇಳುತ್ತಿದ್ದರು, ಇದು ನಿಲ್ಲುತ್ತದೆ, ಇದು ನಿಲ್ಲೋದಿಲ್ಲ ಅಂತ.

ದುರ್ಗದ ಪೇಟೆಯಲ್ಲೇ ಇವತ್ತು ಹತ್ತು ಹುಡುಗರನ್ನು ಕೇಳಿದರೆ ಎಂಟು ಜನಕ್ಕೆ ಚಾಣ ಗೊತ್ತಿರುವುದಿಲ್ಲ. ಹಾಗಂತ ಅದು ಕನ್ನಡ ಪದ ಅಲ್ಲವಾ? ಏಳು ಸುತ್ತಿನ ಕೋಟೆ ಹತ್ತಿ ನೋಡಿ, ಬಂಡೆಗೆ ಕೊರೆದ ಮೆಟ್ಟಿಲ ಮೇಲೆ ಉಳಿಯ ಗೀರು ಹಾಗೇ ಇದೆ. ಆ ಕೆಲಸ ಮಾಡಿದವರ ಹೆಸರು ಎಲ್ಲೂ ಬರೆದಿಲ್ಲ. ಅವರು ಕೈಯಲ್ಲಿ ಹಿಡಿದ ಸಾಮಾನಿನ ಹೆಸರಾದರೂ ಉಳಿಯಬೇಡವಾ?

ಝ್ಯಾಕ್ಸ್ ಬಗ್ಗೆ ನೀವೆಲ್ಲ ಬರೆದದ್ದು ನೋಡಿ, ನಿನ್ನೆ ರಾತ್ರಿ ಸ್ಲೇಟು ಛಾವಣಿ ಕೆಲಸದ ವಿಡಿಯೊ ಹುಡುಕಿ ನೋಡಿದೆ. ನೋಡಿದ್ದನ್ನು ಹೇಳುತ್ತೇನೆ, ಹುಡುಗನಿಗೆ ಬೇಕಾಗಬಹುದು. ಮಚ್ಚಿನಂಥ ಉದ್ದನೆಯ ಅಲಗು, ಬೆನ್ನಿನ ಕಡೆಯಿಂದ ಒಂದು ಚೂಪು ಮೊಳೆಯ ಹಾಗೆ ಹೊರಗೆ ಚಾಚಿರುತ್ತದೆ. ಸ್ಲೇಟನ್ನು ಮುಖ ಕೆಳಗೆ ಮಾಡಿ ಒಂದು ಕಬ್ಬಿಣದ ಪಟ್ಟಿಯ ಅಂಚಿಗೆ ಇಟ್ಟು, ಅಂಚಿನಿಂದ ಹೊರಗೆ ಬಂದಷ್ಟನ್ನು ಟಕ್ ಟಕ್ ಅಂತ ಕತ್ತರಿಸುತ್ತಾ ಹೋಗುತ್ತಾರೆ. ಆಮೇಲೆ ಅದೇ ಆಯುಧ ತಿರುಗಿಸಿ ಬೆನ್ನಿನ ಚೂಪಿನಿಂದ ಒಂದೊಂದೇ ಏಟು, ಮೊಳೆಗೆ ಎರಡು ತೂತು. ಹಿಂದಿನಿಂದ ಹೊಡೆದರೆ ಮುಂದಿನ ಕಡೆ ಚಕ್ಕೆ ಎದ್ದು ತೂತಿನ ಬಾಯಿ ಅಗಲ ಆಗುತ್ತದೆ, ಮೊಳೆಯ ತಲೆ ಅದರೊಳಗೆ ಮುಚ್ಚಿಕೊಳ್ಳುತ್ತದೆ. ಸ್ಲೇಟು ಅಂದರೆ ಪದರ ಪದರ ಇರುವ ಕಲ್ಲು, ನಾವು ಚಿಕ್ಕವರಿದ್ದಾಗ ಬಳಪದಲ್ಲಿ ಬರೆದ ಕರೀ ಸ್ಲೇಟು ಕೂಡ ಅದೇ ಜಾತಿ. ಕೈಜಾರಿ ಬಿದ್ದರೆ ಹೇಗೆ ಒಡೆಯುತ್ತಿತ್ತು ನೆನಪಿದೆಯಲ್ವಾ? ಅಂಥದ್ದನ್ನು ಬೇಕಾದ ಅಳತೆಗೆ ಏಟು ಹಾಕಿಯೇ ಕತ್ತರಿಸುವುದು ಎಂಥ ಕೈಚಳಕ ಅನ್ನುವುದು ನಮ್ಮಂಥವರಿಗೆ ತಕ್ಷಣ ಗೊತ್ತಾಗುತ್ತದೆ. ನಮ್ಮ ಕರೀ ಕಲ್ಲಿಗೆ ಆ ಆಯುಧ ನಡೆಯುವುದಿಲ್ಲ, ಅಲಗೇ ಹೋಗುತ್ತದೆ.

ಆ ಕೆಲಸ ಮಾಡುವವರು ಈಗಲೂ ಇದ್ದಾರೆ. ಅವರ ಬಾಯಲ್ಲಿ ಆ ಪದ ಇದೆ. ಅಷ್ಟು ಸಾಕಲ್ವಾ?

ಪದದ ಬೇರು (ಚಿತ್ರದುರ್ಗ)

ಕೋಟೆ ಬುಡದವರೇ, ನಿಮ್ಮ ಬರಹ ಎರಡು ಸಲ ಓದಿದೆ. ಹದದ ವಿಷಯ ಎಲ್ಲಾದರೂ ಪೂರ್ತಿ ಬರೆದಿಡಿ, ನಿಮ್ಮ ತಂದೆಯ ಚೀಲದಲ್ಲಿರುವ ಪ್ರತಿಯೊಂದು ಸಾಮಾನಿನ ಹೆಸರು ಸಮೇತ. ನಾನು ಬಂದು ಬರೆದುಕೊಳ್ಳಲೂ ಸಿದ್ಧ.

ಮಿಲ್ ಗಂಟೆಯವರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಪಟ್ಟಿ ಮಾತ್ರ ನೆನಪಿಟ್ಟು ಅರ್ಥ ಬಿಟ್ಟರೆ ನನಗೂ ಬೇಜಾರೇ. ಆದರೆ ಪಟ್ಟಿಯಿಂದ ಕಷ್ಟದ ಪದ ತೆಗೆದುಹಾಕುವುದು ಅದಕ್ಕೆ ಮದ್ದಲ್ಲ. ಪದಕೋಶ ಮಾಡುವವರು 'ಎಲ್ಲರಿಗೂ ಗೊತ್ತಾ' ಅಂತ ನೋಡುವುದಿಲ್ಲ, 'ಯಾರಾದರೂ ನಿಜವಾಗಿ ಬಳಸಿದ್ದಾರಾ' ಅಂತ ನೋಡುತ್ತಾರೆ. ನಮ್ಮ ಕಿಟ್ಟೆಲ್ ಪದಕೋಶವನ್ನೇ ನೋಡಿ. ಫರ್ಡಿನಾಂಡ್ ಕಿಟ್ಟೆಲ್ ಬಾಸೆಲ್ ಮಿಷನ್ನಿನಿಂದ ಬಂದ ಜರ್ಮನ್ ಪಾದ್ರಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಕನ್ನಡ–ಇಂಗ್ಲಿಷ್ ಪದಕೋಶದಲ್ಲಿ ಸುಮಾರು 70,000 ಪದಗಳಿವೆ. ಕಾವ್ಯದ ಪದದ ಪಕ್ಕದಲ್ಲೇ ಹಳ್ಳಿಯ ಗಾದೆ ಕೂತಿರುತ್ತದೆ. ಇದು ಸಣ್ಣದು, ಇದು ಕೂಲಿಯವರ ಮಾತು ಅಂತ ಅವರು ಬಿಟ್ಟಿದ್ದರೆ ನಮಗೆ ಎಷ್ಟು ನಷ್ಟ ಆಗುತ್ತಿತ್ತು.

ಕಿಟ್ಟೆಲ್ ಹೆಸರು ಬಂದಿದ್ದರಿಂದ ಇನ್ನೊಂದು ಹೇಳುತ್ತೇನೆ, ಇದು ನನಗೂ ಈಗ ಬರೆಯುತ್ತಾ ಹೊಳೆದದ್ದು. ಅವರು ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ಪೂರ್ವ ಫ್ರಿಸಿಯಾ ಸೀಮೆಯಲ್ಲಿ. ಆ ಸೀಮೆ ಈಗ ಯಾವ ರಾಜ್ಯದಲ್ಲಿದೆ ಗೊತ್ತಾ? ನೀಡರ್‌ಝಾಕ್ಸನ್, ಅಂದರೆ ಕೆಳಗಣ ಸ್ಯಾಕ್ಸನಿ. ಅಲ್ಲಿಯ ಆಡುಮಾತಿಗೂ ಸ್ಯಾಕ್ಸನ್ ಅಂತಲೇ ಹೆಸರು. ನಮ್ಮ ಪದಗಳನ್ನೆಲ್ಲ ಕೂಡಿಸಿಟ್ಟ ಮನುಷ್ಯನ ಊರಿನ ಹೆಸರಿನಲ್ಲೇ ಆ ಚೂರಿ ಇದೆ. ಜರ್ಮನ್ ಬಾಯಲ್ಲಿ ಅದಕ್ಕೂ ಝ ಸದ್ದು.

ಸ್ಕ್ರಾಬಲ್ ಅನ್ನುವ ಹೆಸರು ಕೂಡ ಡಚ್ಚಿನ 'ಸ್ಖ್ರಾಬೆಲೆನ್'ನಿಂದ ಬಂದದ್ದು, ಪರಚು, ಕೆರೆ ಅನ್ನುವ ಅರ್ಥ. ಅದೂ ಜರ್ಮನಿಕ್ ಮನೆಯದೇ.

ಮಿಲ್ ಗಂಟೆ (ದಾವಣಗೆರೆ)

ಕೋಟೆ ಬುಡದವರಿಗೆ ನಮಸ್ಕಾರ. ಯಾರ ಬಾಯಲ್ಲೂ ಇಲ್ಲ ಅಂದಿದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ನಮ್ಮಪ್ಪ ಇಲ್ಲಿಯ ಹತ್ತಿ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವರು. ಮಗ್ಗದ ಒಂದೊಂದು ಭಾಗಕ್ಕೂ ಅವರ ಹತ್ತಿರ ಒಂದು ಹೆಸರಿತ್ತು. ಗಿರಣಿ ಮುಚ್ಚಿತು, ಅಪ್ಪನೂ ಹೋದರು, ನನಗೆ ಈಗ ಅದರಲ್ಲಿ ಮೂರೋ ನಾಲ್ಕೋ ನೆನಪಿವೆ. ನೀವು ಬರೆದದ್ದು ಓದಿ ಅದು ನೆನಪಾಯಿತು. ಅರ್ಥ ಕೇಳುವ ನಿಯಮ ಮಾತ್ರ ಬಿಡುವುದಿಲ್ಲ, ಅದು ಇರಲಿ.

ವಿದ್ಯಾನಗರ ಟೀಚರ್ (ದಾವಣಗೆರೆ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಅವನನ್ನು ಹತ್ತಿರ ಕೂರಿಸಿಕೊಂಡು ನೀವು ಬರೆದದ್ದನ್ನೆಲ್ಲ ಓದಿ ಹೇಳಿದೆ. ಮೊದಲು ತಪ್ಪಾಯಿತು ಅಂದೆ. ನನಗೆ ಗೊತ್ತಿಲ್ಲದ ಪದ ಇಲ್ಲವೇ ಇಲ್ಲ ಅಂದುಕೊಂಡದ್ದು ತಪ್ಪು, ಶಾಲೆಯಲ್ಲೂ ಎಷ್ಟು ಮಕ್ಕಳಿಗೆ ಹಾಗೆ ಅಂದಿರಬಹುದು ಅಂತ ಯೋಚನೆ ಬಂತು. ಅವನು ಅದಕ್ಕೆ ಏನೂ ಹೇಳಲಿಲ್ಲ. ಥೇಮ್ಸ್ ನದಿಯ ಚೂರಿಯ ಚಿತ್ರ ತೋರಿಸಿ ಅಂದ. ತೋರಿಸಿದೆ. ಅಕ್ಷರಗಳನ್ನು ಬೆರಳಿಟ್ಟು ಎಣಿಸಿದ, ಇಪ್ಪತ್ತೆಂಟು ಸರಿಯಾಗಿ ಬಂತು.

ಭಾನುವಾರದ 38 ಪಾಯಿಂಟು ವಾಪಸ್ ಕೊಡುತ್ತೇನೆ, ಲೆಕ್ಕದ ಪುಸ್ತಕದಲ್ಲಿ ತಿದ್ದೋಣ ಅಂದೆ. 'ಬೇಡ ದೊಡ್ಡಮ್ಮ, ನಾನು ಅದನ್ನ ಇಟ್ಟಿದ್ದರೆ ಆಮೇಲೆ ನೀವು ಇಟ್ಟ ಪದ ಎಲ್ಲಾ ಬೇರೆ ಆಗ್ತಿತ್ತು, ಹೊಸ ಆಟ ಆಡೋಣ' ಅಂದ. ಅವನ ಮಾತು ಸರಿ, ನನಗೆ ಅದು ಹೊಳೆದಿರಲಿಲ್ಲ.

ನಮ್ಮ ಮನೆಯ ಹಿಂದಿನ ಭಾಗಕ್ಕೆ ಇನ್ನೂ ಮಂಗಳೂರು ಹೆಂಚೇ ಇದೆ. ಹೆಂಚಿಗೆ ಝ್ಯಾಕ್ಸ್ ಬೇಕಾಗಲ್ವಾ ಅಂತ ಕೇಳಿದ. ಬೇಡ, ಅದು ಮಣ್ಣನ್ನು ಅಚ್ಚಿಗೆ ಹಾಕಿ ಸುಟ್ಟದ್ದು, ಮೊದಲೇ ಅಳತೆಗೆ ಬಂದಿರುತ್ತದೆ ಅಂದೆ. ಕಿಟ್ಟೆಲ್ ಬಂದ ಅದೇ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು ನನಗೆ ಗೊತ್ತಿತ್ತು, ಅದನ್ನೂ ಹೇಳಿದೆ. ಹೊರಗೆ ಹೋಗಿ ತಲೆ ಎತ್ತಿ ಹೆಂಚು ನೋಡುತ್ತಾ ಸ್ವಲ್ಪ ಹೊತ್ತು ನಿಂತಿದ್ದ.

ಕೋಟೆ ಬುಡದವರೇ, ನಿಮಗೆ ತೊಂದರೆ ಇಲ್ಲದಿದ್ದರೆ ಮುಂದಿನ ವಾರ ದುರ್ಗಕ್ಕೆ ಬರುತ್ತೇವೆ. ಅವನಿಗೆ ಚಾಣ ನೋಡಬೇಕಂತೆ, ಕೈಯಲ್ಲಿ ಹಿಡಿದು. ಹೇಗಿದ್ದರೂ ಕೋಟೆ ಹತ್ತಿಸಬೇಕು ಅಂತ ಇತ್ತು.

ಸ್ಕ್ರಾಬಲ್ ಡಬ್ಬಿಯ ಮುಚ್ಚಳದ ಒಳಗೆ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದೇವೆ. ಕಾಲಿನ್ಸ್ ಪಟ್ಟಿ. ಸುಮ್ನೆ ಚಾಲೆಂಜ್ ಮಾಡಿದರೆ 5 ಪಾಯಿಂಟು ಹೋಗುತ್ತದೆ. ಇಟ್ಟವರು ಅರ್ಥ ಹೇಳಬೇಕು. ಕೊನೆಯದನ್ನು ಬರೆದದ್ದು ಅವನೇ. ಮಧ್ಯಾಹ್ನದ ಆಟದಲ್ಲಿ ಎ, ಡಿ, ಝಡ್ ಇಟ್ಟು 13 ತಗೊಂಡ. ನಾನು ಬಾಯಿ ತೆರೆಯುವ ಮೊದಲೇ 'ಬಡಗಿಯವರ ಬಾಚಿ, ದೊಡ್ಡಮ್ಮ' ಅಂದ.